ಡಂಜನ್ ಅರ್ಧ ದಾರಿಯಲ್ಲೇ ಎಸ್‌ಪಿ ಖಾಲಿ! - ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಜಪಾನಿ ರೋಲ್ ಪ್ಲೇಯಿಂಗ್ ಗೇಮ್‌ಗಳ ಬಗ್ಗೆ ಕಳಿಸಿದ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ. ಕಥೆಯ ಗುಟ್ಟು ಎಲ್ಲೂ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಿ. ಹೊಸಬರಿಗೆ: ಡಂಜನ್ ಅಂದರೆ ಶತ್ರುಗಳು ತುಂಬಿದ ತಾಣ, ಎಸ್‌ಪಿ ಅಂದರೆ ಮಂತ್ರ ಹಾಕಲು ಖರ್ಚಾಗುವ ಶಕ್ತಿ, ಎಚ್‌ಪಿ ಅಂದರೆ ಜೀವಬಲ.

ಪ್ರಶ್ನೆ: ‘ಪರ್ಸೋನಾ 5 ರಾಯಲ್’ ಶುರು ಮಾಡಿದ್ದೇನೆ. ಮೊದಲ ಡಂಜನ್, ಆ ಕೋಟೆ, ಅರ್ಧ ಮುಗಿಯುವಷ್ಟರಲ್ಲಿ ನಾಲ್ವರ ಎಸ್‌ಪಿಯೂ ಸೊನ್ನೆ. ಹೊರಗೆ ಬಂದರೆ ಆಟದಲ್ಲಿ ಒಂದು ದಿನ ಹೋಗುತ್ತದೆ. ಹಾಸ್ಟೆಲ್‌ನಲ್ಲಿ ಗೆಳೆಯರು ‘ಒಂದೇ ದಿನದಲ್ಲಿ ಮುಗಿಸ್ಬೇಕು’ ಅಂತಾರೆ. ನಾನೆಲ್ಲಿ ಎಡವುತ್ತಿದ್ದೇನೆ?
- ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೊದಲು ಗಾಬರಿ ಬಿಡಿ. ಆ ಕೋಟೆಯ ಗಡುವು ಆಟದ ಕ್ಯಾಲೆಂಡರಿನಲ್ಲಿ ಮೇ 2. ಎರಡು ಮೂರು ಸಲ ಹೋಗಿಬಂದರೂ ಆಟ ಕೆಡುವುದಿಲ್ಲ. ಒಂದೇ ದಿನದಲ್ಲಿ ಮುಗಿಸಿದರೆ ಉಳಿದ ದಿನಗಳನ್ನು ಗೆಳೆತನ ಬೆಳೆಸುವುದಕ್ಕೆ ಬಳಸಬಹುದು, ಲಾಭ ಅಷ್ಟೇ. ಆದರೂ ಎಸ್‌ಪಿ ಎಲ್ಲಿ ಸೋರುತ್ತಿದೆ ಎಂದು ಗೊತ್ತಿದ್ದರೆ ಒಂದೇ ದಿನದಲ್ಲಿ ಮುಗಿಸುವುದು ಕಷ್ಟವೇನಲ್ಲ.

ಒಂದು ಜಗಳದ ಲೆಕ್ಕ ನೋಡಿ. ತಂಡದ ನಾಲ್ವರ ಮಂತ್ರಗಳ ಖರ್ಚು ಇಷ್ಟು: ರ್‍ಯೂಜಿಯ ಜಿಯೋ, ಆ್ಯನ್‌ಳ ಆಗಿ, ನಾಯಕನ ಐಹಾ ಒಂದೊಂದಕ್ಕೂ 4 ಎಸ್‌ಪಿ, ಮೊರ್ಗಾನಾದ ಗಾರುಗೆ 3. ಎದುರು ಮೂರು ಶ್ಯಾಡೋಗಳು (ಈ ಆಟದ ಶತ್ರುಗಳು) ಇವೆ ಅಂದುಕೊಳ್ಳಿ. ಒಂದೊಂದಕ್ಕೂ ಅದರ ದೌರ್ಬಲ್ಯಕ್ಕೆ ತಕ್ಕ ಮಂತ್ರ ಬಿದ್ದರೆ ಅದು ನೆಲಕ್ಕುರುಳುತ್ತದೆ, ಹೊಡೆದವರಿಗೆ ಇನ್ನೊಂದು ಸರದಿ ಸಿಗುತ್ತದೆ. ಮೂರೂ ಬಿದ್ದರೆ ಎಲ್ಲರೂ ಒಟ್ಟಿಗೆ ಎರಗುವ ಆಲ್-ಔಟ್ ಅಟ್ಯಾಕ್, ಅದಕ್ಕೆ ಎಸ್‌ಪಿ ಬೇಕಿಲ್ಲ. ಒಟ್ಟು ಖರ್ಚು 11, 12. ದೌರ್ಬಲ್ಯ ತಿಳಿಯದೆ ಕಂಡಕಂಡ ಮಂತ್ರ ಎಸೆದರೆ ಅದೇ ಜಗಳಕ್ಕೆ 30 ಹೋಗುತ್ತದೆ, ಮೇಲೆ ಏಟು ತಿಂದದ್ದಕ್ಕೆ ಚಿಕಿತ್ಸೆಯ ಖರ್ಚು ಬೇರೆ. ಬಿದ್ದಿರುವ ಶ್ಯಾಡೋಗೆ ಮತ್ತೆ ಹೊಡೆದರೆ ಹೆಚ್ಚುವರಿ ಸರದಿ ಸಿಗುವುದಿಲ್ಲ. ನಿಂತಿರುವುದರ ಕಡೆ ತಿರುಗಿ. ನಿಮ್ಮ ಹತ್ತಿರ ತಕ್ಕ ಮಂತ್ರ ಇಲ್ಲದಿದ್ದರೆ ಬ್ಯಾಟನ್ ಪಾಸ್ ಮಾಡಿ, ಇರುವವರಿಗೆ ಸರದಿ ಕೊಡಿ. ಪಾಸ್ ಪಡೆದವರ ಹೊಡೆತವೂ ಜೋರಾಗುತ್ತದೆ. ಸರಪಳಿ ಕಡಿಯದೆ ನಾಲ್ಕನೆಯವರ ತನಕ ಹೋದರೆ ಕೊನೆಯವರಿಗೆ ಮಂತ್ರ ಪುಕ್ಕಟೆ. ದೊಡ್ಡ ಮಂತ್ರ ಇರುವವರನ್ನು ಕೊನೆಗೆ ಇಟ್ಟುಕೊಳ್ಳಿ.

ಮುಂದಿನದು ಬಂದೂಕು. ಇಲ್ಲಿ ಬಹಳ ಮಂದಿ ಹಳೆಯ ಗೈಡ್ ನಂಬಿ ಕೆಡುತ್ತಾರೆ. 2016ರ ಮೂಲ ‘ಪರ್ಸೋನಾ 5’ರಲ್ಲಿ ಒಂದು ಸಲ ಒಳಹೊಕ್ಕರೆ ಇದ್ದಷ್ಟು ಗುಂಡಿನಲ್ಲೇ ಪೂರೈಸಬೇಕಿತ್ತು. ಹಾಗಾಗಿ ‘ಗುಂಡು ಉಳಿಸಿ’ ಎಂದು ಬರೆದರು. ರಾಯಲ್‌ನಲ್ಲಿ ಪ್ರತಿ ಜಗಳಕ್ಕೂ ಗುಂಡು ಮತ್ತೆ ತುಂಬಿರುತ್ತದೆ. ಉಳಿಸಿದರೆ ಬರೀ ನಷ್ಟ. ಪಿಕ್ಸಿಯಂಥ ಶ್ಯಾಡೋಗೆ ಗುಂಡೇ ದೌರ್ಬಲ್ಯ, ಒಂದು ಎಸ್‌ಪಿಯೂ ಹೋಗದೆ ಬೀಳುತ್ತದೆ. ಇನ್ನೊಂದು ಕೊರತೆ ಹಿಮದ್ದು. ಮೊದಲ ಕೋಟೆಯಲ್ಲಿ ನಿಮ್ಮ ಜತೆಗಾರರಲ್ಲಿ ಯಾರಿಗೂ ಹಿಮದ ಮಂತ್ರ ಬುಫು ಬರುವುದಿಲ್ಲ, ಆದರೆ ಜ್ಯಾಕ್-ಓ-ಲ್ಯಾಂಟರ್ನ್, ಬೆರಿತ್ ಎಂಬ ಎರಡು ಶ್ಯಾಡೋಗಳಿಗೂ ಹಿಮವೇ ದೌರ್ಬಲ್ಯ. ನಾಯಕನ ಬಳಿ ಬುಫು ಇರುವ ಒಂದು ಪರ್ಸೋನಾ (ಮಂತ್ರಗಳನ್ನು ಒದಗಿಸುವ ಮಾಯಾರೂಪ) ಇರಲೇಬೇಕು. ಶ್ಯಾಡೋವನ್ನು ಮಾತುಕತೆಯಲ್ಲಿ ಒಲಿಸಿಕೊಳ್ಳಿ, ಇಲ್ಲವೇ ವೆಲ್ವೆಟ್ ರೂಮಿನಲ್ಲಿ ಇರುವ ಪರ್ಸೋನಾಗಳನ್ನು ಬೆಸೆದು ಮಾಡಿಕೊಳ್ಳಿ.

ಪ್ರತಿ ಪ್ಯಾಲೇಸ್‌ನಲ್ಲೂ (ಆ ಕೋಟೆಯಂಥ ದೊಡ್ಡ ಡಂಜನ್‌ಗೆ ಆಟದಲ್ಲಿರುವ ಹೆಸರು) ವಿಲ್ ಸೀಡ್ ಎಂಬ ಮೂರು ವಸ್ತುಗಳು ಇರುತ್ತವೆ. ಎತ್ತಿಕೊಂಡ ತಕ್ಷಣ ತಂಡಕ್ಕೆ ಒಂದಷ್ಟು ಎಸ್‌ಪಿ ಮರಳುತ್ತದೆ. ಹಾಗಾಗಿ ಎಸ್‌ಪಿ ತುಂಬಿರುವಾಗ ಕಣ್ಣಿಗೆ ಬಿದ್ದರೆ ಜಾಗ ನೆನಪಿಟ್ಟುಕೊಂಡು ಮುಂದೆ ಹೋಗಿ. ಖಾಲಿಯಾಗುತ್ತಾ ಬಂದಾಗ ಸೇಫ್ ರೂಮ್‌ನಿಂದ ಸೇಫ್ ರೂಮ್‌ಗೆ ಹಾರಿ ಬಂದು ಎತ್ತಿಕೊಳ್ಳಿ. ಗಾಯಕ್ಕೆ ಮೊರ್ಗಾನಾದ ಚಿಕಿತ್ಸೆ ಮಂತ್ರ ಡಿಯಾ ಬದಲು ಕ್ಲಿನಿಕ್‌ನ ಔಷಧ ಬಳಸಿ. ಎಚ್‌ಪಿ ದುಡ್ಡಿಗೆ ಸಿಗುತ್ತದೆ, ಎಸ್‌ಪಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಬಾಸ್‌ಗೆಂದು, ಅಂದರೆ ಕೊನೆಯ ದೊಡ್ಡ ಶತ್ರುವಿಗೆಂದು, ಎಸ್‌ಪಿ ಉಳಿಸುವ ಅಗತ್ಯ ಇಲ್ಲ. ಪ್ಯಾಲೇಸ್‌ನ ಕೊನೆಯ ನಿಧಿಯ ಕೋಣೆ ತಲುಪಿ ದಾರಿ ಖಚಿತವಾದ ಮೇಲೆ ನೀವು ಹೊರಗೆ ಬಂದು, ಕಾಲಿಂಗ್ ಕಾರ್ಡ್ ಎಂಬ ಎಚ್ಚರಿಕೆ ಪತ್ರ ಕಳಿಸಿ, ಬೇರೆ ದಿನ ಬಾಸ್ ಎದುರಿಸುತ್ತೀರಿ. ಅಂದು ಎಲ್ಲರೂ ತುಂಬಿದ ಎಸ್‌ಪಿಯಲ್ಲೇ ಒಳಗೆ ಹೋಗುತ್ತಾರೆ. ಆದ್ದರಿಂದ ನಿಧಿಯ ಬಾಗಿಲಿನಲ್ಲಿ ಸೊನ್ನೆ ಉಳಿದಿದ್ದರೂ ಚಿಂತೆಯಿಲ್ಲ. ಕಾರ್ಡಿಗೂ ಬಾಸ್‌ಗೂ ದಿನ ಬೇಕಾಗುತ್ತದೆ ಎಂಬುದನ್ನು ಮಾತ್ರ ಗಡುವಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಮುಂದಿನ ಪ್ಯಾಲೇಸ್‌ಗಳಿಗೆ: ಕ್ಲಿನಿಕ್‌ನ ಡಾಕ್ಟರ್ ತಾಕೆಮಿ ಜತೆ ಒಡನಾಟ ಬೆಳೆದ ಮೇಲೆ ‘ಎಸ್‌ಪಿ ಅಡೆಸಿವ್ 3’ ಮಾರುತ್ತಾರೆ. ಬೆಲೆ 1,00,000 ಯೆನ್. ಧರಿಸಿದವರಿಗೆ ಜಗಳದಲ್ಲಿ ಪ್ರತಿ ಸರದಿಗೂ 7 ಎಸ್‌ಪಿ ಬರುತ್ತದೆ. ದುಡ್ಡು ಕೂಡಿಬಂದ ಕೂಡಲೇ ಕತ್ತಿ, ಅಂಗಿ ಬಿಟ್ಟು ಇದನ್ನೇ ಕೊಳ್ಳಿ. ಒಂದೇ ಒಂದು ಬಡ ಶ್ಯಾಡೋ ಉಳಿದಾಗ ಎಲ್ಲರೂ ಗಾರ್ಡ್ ಮಾಡುತ್ತಾ ಕೂತರೆ ಎಸ್‌ಪಿ ತಾನಾಗಿ ಏರುತ್ತದೆ.

ಪ್ರಶ್ನೆ: ಅದೇ ಆಟದಲ್ಲಿ ನನ್ನನ್ನು ಕಾವಲಿನವರು ಪದೇ ಪದೇ ನೋಡಿಬಿಡುತ್ತಾರೆ. ಸೆಕ್ಯುರಿಟಿ ಮಟ್ಟ ಏರಿ ಆಟ ನನ್ನನ್ನು ಹೊರಗೆ ದಬ್ಬುತ್ತದೆ. ಇನ್ನೊಂದು: ಮೂವರು ಚೆನ್ನಾಗಿದ್ದಾಗಲೇ ಗೇಮ್ ಓವರ್ ಬಂತು. ಇದ್ಯಾವ ನ್ಯಾಯ?
- ಪದವಿ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ನಿಮ್ಮೂರ ಕೋಟೆಯ ಬಾಗಿಲುಗಳು ನೇರ ಸಾಲಿನಲ್ಲಿಲ್ಲ. ಒಂದು ದಾಟಿದರೆ ದಾರಿ ತಿರುಗುತ್ತದೆ, ತಿರುವಿನಾಚೆ ಯಾರಿದ್ದಾರೆಂದು ಬಂದವನಿಗೆ ಕಾಣುವುದಿಲ್ಲ. ಆಟದಲ್ಲಿ ಆ ತಿರುವು ನಿಮ್ಮ ಪಾಲಿನದು. ಕಾರಿಡಾರಿನ ನಡುವೆ ಓಡಬೇಡಿ. ಗೋಡೆಯ ಮೂಲೆ, ಕಂಬ, ಮೇಜಿನ ಮರೆಗೆ ಅಂಟಿ ನಿಲ್ಲಿ. ಹಾಗೆ ಅಡಗಿದ್ದಷ್ಟು ಹೊತ್ತು ಶ್ಯಾಡೋಗೆ ನೀವು ಕಾಣುವುದಿಲ್ಲ, ಅದು ಎದುರಿಗೇ ಬಂದರೂ ಸರಿ. ಹತ್ತಿರ ಬಂದು ಪರದೆಯ ಮೇಲೆ ಬಟನ್ ಸೂಚನೆ ಮೂಡಿದಾಗ ಮಾತ್ರ ಒತ್ತಿ. ಹೀಗೆ ಮೇಲೆ ಬಿದ್ದು ಗೆದ್ದರೆ ಮೊದಲ ಸರದಿ ನಿಮ್ಮದು, ಸೆಕ್ಯುರಿಟಿಯೂ ಇಳಿಯುತ್ತದೆ. ಶ್ಯಾಡೋ ನಿಮ್ಮನ್ನು ನೋಡಿದರೆ ಸೆಕ್ಯುರಿಟಿ ಏರುತ್ತದೆ, 100 ಮುಟ್ಟಿದರೆ ಆ ದಿನದ ಆಟ ಅಲ್ಲಿಗೆ ಮುಗಿಯಿತು. ಕಂಡುಬಿಟ್ಟರೆ ಎದುರು ನಿಲ್ಲದೆ ಓಡಿ, ತಿರುವು ದಾಟಿ ಮತ್ತೆ ಅಡಗಿ. ಹೊಸ ಕೋಣೆಗೆ ಕಾಲಿಡುವ ಮೊದಲು ಥರ್ಡ್ ಐ ಎಂಬ ವಿಶೇಷ ನೋಟದ ಬಟನ್ ಒತ್ತಿ ನೋಡಿ, ಶ್ಯಾಡೋ ನಿಮಗಿಂತ ಬಲಶಾಲಿಯೋ ಅಲ್ಲವೋ ಅದರ ಬಣ್ಣದಲ್ಲೇ ತಿಳಿಯುತ್ತದೆ.

ಎರಡನೆಯದಕ್ಕೆ ಉತ್ತರ: ನಾಯಕ ಬಿದ್ದರೆ ಆಟ ಮುಗಿದಂತೆ, ಉಳಿದವರು ಎಷ್ಟು ಗಟ್ಟಿಯಿದ್ದರೂ ಅಷ್ಟೇ. ಹಾಗಾಗಿ ಚಿಕಿತ್ಸೆಯಲ್ಲಿ ಮೊದಲ ಪಾಲು ಅವನಿಗೆ. ಅವನ ಎಚ್‌ಪಿ ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ. ನಾಯಕನ ಮೊದಲ ಪರ್ಸೋನಾ ಆರ್ಸೀನ್‌ಗೆ ಹಿಮ ಮತ್ತು ಬ್ಲೆಸ್ (ಬೆಳಕಿನ ಮಂತ್ರ) ದೌರ್ಬಲ್ಯ. ಎದುರಾಳಿ ಅವುಗಳನ್ನು ಬಳಸುವುದು ಕಂಡ ಕೂಡಲೇ ಪರ್ಸೋನಾ ಬದಲಿಸಿ. ಬದಲಿಸುವುದಕ್ಕೆ ಸರದಿ ಖರ್ಚಾಗುವುದಿಲ್ಲ, ಆದರೆ ಒಂದು ಸರದಿಗೆ ಒಮ್ಮೆ ಮಾತ್ರ. ಮುಂದೆ ಹಾಮಾ, ಮುಡೋ ಎಂಬ ಒಂದೇ ಏಟಿಗೆ ಕೊಲ್ಲುವ ಮಂತ್ರಗಳು ಎದುರಾದಾಗ ಹೋಮನ್‌ಕ್ಯುಲಸ್ ಎಂಬ ವಸ್ತು ಜತೆಗಿರಲಿ, ಆ ಏಟನ್ನು ತಾನು ತೆಗೆದುಕೊಂಡು ಒಡೆದುಹೋಗುತ್ತದೆ. ಆಟ ತೀರಾ ಬಿಗಿ ಅನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ನಾರ್ಮಲ್‌ನಿಂದ ಈಸಿಗೆ ಇಳಿಸಿಕೊಳ್ಳಿ, ಸಂಕೋಚ ಬೇಡ.

ಪ್ರಶ್ನೆ: ‘ಪರ್ಸೋನಾ 3 ರಿಲೋಡ್’ನ ಗೋಪುರದಲ್ಲಿ ಸರಪಳಿ ಎಳೆದ ಸದ್ದು ಬರುತ್ತದೆ. ಏನದು?
- ಹಿರಿಯೂರಿನ ಓದುಗ

ಉತ್ತರ: ರೀಪರ್ ಎಂಬ ಶತ್ರು. ಒಂದೇ ಮಹಡಿಯಲ್ಲಿ ಬಹಳ ಹೊತ್ತು ಸುತ್ತಾಡಿದರೆ ಬರುತ್ತಾನೆ. ಹೊಸಬರ ತಂಡವನ್ನು ನಿಮಿಷದಲ್ಲಿ ಮುಗಿಸುತ್ತಾನೆ. ಸದ್ದು ಕೇಳಿದ ಮೇಲೆ ಪೆಟ್ಟಿಗೆ ಹುಡುಕುವುದು ಬಿಟ್ಟು ಮೆಟ್ಟಿಲ ಕಡೆ ಓಡಿ. ಎಸ್‌ಪಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು: ಟ್ವೈಲೈಟ್ ಫ್ರ್ಯಾಗ್‌ಮೆಂಟ್ ಎಂಬ ಚೂರುಗಳನ್ನು 7 ಕೊಟ್ಟರೆ ಗೋಪುರದಲ್ಲಿರುವ ಗಡಿಯಾರವು ಇಡೀ ತಂಡದ ಎಚ್‌ಪಿ, ಎಸ್‌ಪಿ ತುಂಬಿಸುತ್ತದೆ. ಬೀಗ ಹಾಕಿದ ಪೆಟ್ಟಿಗೆಗಳಿಗೂ ಅವೇ ಚೂರುಗಳು ಬೇಕು. ಏಳನ್ನು ಎತ್ತಿಟ್ಟುಕೊಂಡು ಉಳಿದದ್ದನ್ನು ಪೆಟ್ಟಿಗೆಗೆ ಹಾಕಿ.

ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ಅವನ ಸೋದರಮಾವ ಪರ್ಸೋನಾ ಆಟ ಹಾಕಿಕೊಟ್ಟಿದ್ದಾನೆ. ಕೊಡಬಹುದಾ?
- ಗೃಹಿಣಿ, ಹೊಳಲ್ಕೆರೆ

ಉತ್ತರ: ಈಗ ಬೇಡಮ್ಮ. ‘ಪರ್ಸೋನಾ 5 ರಾಯಲ್’ಗೆ ಯುರೋಪಿನ ವಯಸ್ಸಿನ ಗುರುತು 16, ಅಮೆರಿಕದ್ದು 17. ಮೊದಲ ಕಥೆಯೇ ಶಾಲೆಯಲ್ಲಿ ಶಿಕ್ಷಕನೊಬ್ಬ ಮಕ್ಕಳ ಮೇಲೆ ನಡೆಸುವ ದೌರ್ಜನ್ಯದ್ದು. ಅದೇ ಬಗೆಯ ಆಟ ಬೇಕೆಂದು ಹಟ ಹಿಡಿದರೆ ‘ಡ್ರ್ಯಾಗನ್ ಕ್ವೆಸ್ಟ್ 11 ಎಸ್’ ಕೊಡಿ. ಅದಕ್ಕೆ ಯುರೋಪಿನ ಗುರುತು 12. ಇಂಗ್ಲಿಷ್ ಓದುವುದು ಬಹಳ ಇರುತ್ತದೆ. ಮೊದಮೊದಲು ಯಾರಾದರೂ ದೊಡ್ಡವರು ಪಕ್ಕದಲ್ಲಿ ಕೂತರೆ ಒಳ್ಳೆಯದು.

ಪ್ರಶ್ನೆ: ‘ಡ್ರ್ಯಾಗನ್ ಕ್ವೆಸ್ಟ್ 11 ಎಸ್’ನಲ್ಲಿ ಗುಹೆಯೊಳಗೆ ತಂಡ ಪೂರ್ತಿ ಸತ್ತಿತು, ಕೂಡಿಟ್ಟ ಚಿನ್ನ ಅರ್ಧ ಹೋಯಿತು. ತಪ್ಪಿಸುವುದು ಹೇಗೆ?
- ಕಾರ್ಖಾನೆ ನೌಕರ, ಹರಿಹರ

ಉತ್ತರ: 1986ರಲ್ಲಿ ಶುರುವಾದ ಈ ಸರಣಿಯ ಹಳೆಯ ನಿಯಮ ಅದು. ಕೈಯಲ್ಲಿದ್ದ ಚಿನ್ನ ಅರ್ಧವಾಗುತ್ತದೆ, ಗಳಿಸಿದ ಅನುಭವ ಉಳಿಯುತ್ತದೆ, ಬ್ಯಾಂಕಿನಲ್ಲಿ ಇಟ್ಟದ್ದಕ್ಕೆ ಏನೂ ಆಗುವುದಿಲ್ಲ. ಡಂಜನ್‌ಗೆ ಹೊರಡುವ ಮುಂಚೆ ಬ್ಯಾಂಕಿಗೆ ಕಟ್ಟಿ. ಇನ್ನೂ ಒಳ್ಳೆಯದು, ಆ ದುಡ್ಡಿನಲ್ಲಿ ಮೂಲಿಕೆ, ಕವಚ ಕೊಂಡುಬಿಡಿ. ಮೂಲಿಕೆಯನ್ನು ಚೀಲದಲ್ಲೇ ಬಿಟ್ಟು ಹೋಗುವುದು ಹೊಸಬರ ಸಾಮಾನ್ಯ ತಪ್ಪು, ಜಗಳದ ಮಧ್ಯೆ ಅದು ಕೈಗೆ ಸಿಗುವುದಿಲ್ಲ. ಒಬ್ಬೊಬ್ಬರಿಗೂ ಎರಡು ಮೂರು ಹಂಚಿ.

ಜತೆಗಾರರು ತಾವಾಗಿ ಹೋರಾಡುವಂತೆ ಬಿಟ್ಟಿದ್ದರೆ, ಚಿಲ್ಲರೆ ಜಗಳಗಳಲ್ಲಿ ಟ್ಯಾಕ್ಟಿಕ್ಸ್ ಮೆನುವಿನಲ್ಲಿ ಎಂಪಿ (ಎಸ್‌ಪಿಗೆ ಇಲ್ಲಿರುವ ಹೆಸರು) ಬಳಸದಂತೆ ಆಜ್ಞೆ ಕೊಡಿ. ಬಾಸ್ ಬಂದಾಗ ‘ಫಾಲೋ ಆರ್ಡರ್ಸ್’ಗೆ ಬದಲಿಸಿ ನೀವೇ ಆಡಿಸಿ. ಇಲ್ಲಿ ಲೆವೆಲ್ ಏರಿದಾಗ ಎಚ್‌ಪಿ, ಎಂಪಿ ಎರಡೂ ಪೂರ್ತಿ ತುಂಬುತ್ತವೆ. ಯಾರಿಗೆ ಮುಂದಿನ ಲೆವೆಲ್ ಹತ್ತಿರ ಇದೆ ಎಂದು ಆಗಾಗ ನೋಡಿಕೊಂಡರೆ, ಅವರ ಎಂಪಿಯನ್ನು ಧಾರಾಳವಾಗಿ ಖರ್ಚು ಮಾಡಬಹುದು. ಪರ್ಸೋನಾದಂತೆ ಇಲ್ಲಿ ದಿನ ಕಳೆಯುವ ಭಯವಿಲ್ಲ. ಎಂಪಿ ಕಾಲುಭಾಗಕ್ಕೆ ಇಳಿದರೆ ಇವ್ಯಾಕ್ ಮಂತ್ರ ಹಾಕಿ ಹೊರಗೆ ಬನ್ನಿ, ಮಲಗೆದ್ದು ಮತ್ತೆ ಹೋಗಿ. ಎತ್ತಿಕೊಂಡ ಪೆಟ್ಟಿಗೆಗಳು ನಿಮ್ಮವೇ.

ಪ್ರಶ್ನೆ: ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಹೇಳಕ್ಕಾಗಲ್ಲ. ಮನೆಗೆ ಇನ್ವರ್ಟರ್ ಇದೆ, ಆದರೂ ಕಂಪ್ಯೂಟರ್ ಆಫ್ ಆಗಿ ಡಂಜನ್‌ನ ಎರಡು ಗಂಟೆ ಆಟ ನೀರುಪಾಲು.
- ಚಳ್ಳಕೆರೆ

ಉತ್ತರ: ಇನ್ವರ್ಟರ್ ಹಿಂಬದಿಯಲ್ಲೋ ಮುಂದೆಯೋ ಒಂದು ಸ್ವಿಚ್ ಇದೆಯಾ ನೋಡಿ, ‘ಯುಪಿಎಸ್’ ಮತ್ತು ‘ಇಕೋ’ ಅಥವಾ ‘ನಾರ್ಮಲ್’ ಎಂದಿರುತ್ತದೆ. ಇಕೋದಲ್ಲಿ ಬ್ಯಾಟರಿಗೆ ಬದಲಾಗುವುದು ನಿಧಾನ, ಫ್ಯಾನು ಬಲ್ಬಿಗೆ ಗೊತ್ತಾಗದಿದ್ದರೂ ಕಂಪ್ಯೂಟರ್ ಸತ್ತುಹೋಗುತ್ತದೆ. ಯುಪಿಎಸ್‌ಗೆ ಹಾಕಿ. ಹಾಕಿದರೂ ನಿಲ್ಲದಿದ್ದರೆ ಇನ್ವರ್ಟರ್ ಸ್ಕ್ವೇರ್ ವೇವ್ ಮಾದರಿಯದಿರಬಹುದು. ಆಗ ಕಂಪ್ಯೂಟರಿಗೆ ಬೇರೆ ಯುಪಿಎಸ್ ಬೇಕು. ಮಾರುಕಟ್ಟೆಯ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸಾಲದು, ನಿಮ್ಮ ಕಂಪ್ಯೂಟರಿನ ವ್ಯಾಟ್ ಲೆಕ್ಕ ಹಾಕಿ ಕೊಳ್ಳಿ. ಪ್ಲೇಸ್ಟೇಷನ್ 4ರಲ್ಲಿ ಆಡುವವರು ರೆಸ್ಟ್ ಮೋಡ್ ನೆಚ್ಚಬೇಡಿ, ಕರೆಂಟ್ ಹೋದರೆ ಅರ್ಧಕ್ಕೆ ನಿಲ್ಲಿಸಿದ ಆಟ ಹೋದಂತೆಯೇ. ನಿಂಟೆಂಡೊ ಸ್ವಿಚ್‌ಗೆ ಒಳಗೇ ಬ್ಯಾಟರಿ ಇರುವುದರಿಂದ ಈ ತೊಂದರೆ ಇಲ್ಲ.

ಸೇವ್ ಮಾಡುವಾಗ ಒಂದೇ ಜಾಗದ ಮೇಲೆ ಬರೆಯದೆ ಎರಡು ಮೂರು ಸ್ಲಾಟ್‌ಗಳಲ್ಲಿ ಸರದಿಯಂತೆ ಬರೆಯಿರಿ. ಬರೆಯುವಾಗಲೇ ಕರೆಂಟ್ ಹೋಗಿ ಒಂದು ಕೆಟ್ಟರೂ ಹಿಂದಿನದು ಉಳಿಯುತ್ತದೆ.

ಪ್ರಶ್ನೆ: ‘ಎಟ್ರಿಯನ್ ಒಡಿಸ್ಸಿ ಎಚ್‌ಡಿ’ ಕೊಂಡೆ. ಮೊದಲ ಮಹಡಿಯಲ್ಲೇ ಸಾಯುತ್ತಿದ್ದೇನೆ. ನಕ್ಷೆ ಬೇರೆ ನಾವೇ ಬರೆಯಬೇಕಂತೆ!
- ಶಾಲಾ ಶಿಕ್ಷಕ, ಹೊಸದುರ್ಗ

ಉತ್ತರ: ಆ ನಕ್ಷೆಗಾಗಿಯೇ ಈ ಆಟವನ್ನು ಪ್ರೀತಿಸುವವರಿದ್ದಾರೆ ಮೇಷ್ಟ್ರೇ, ಸ್ವಲ್ಪ ತಾಳ್ಮೆ ಇರಲಿ.

ತಂಡ ಐವರದು, ಒಬ್ಬೊಬ್ಬರಿಗೂ ಒಂದೊಂದು ವೃತ್ತಿ. ಮುಂದಿನ ಸಾಲಿಗೆ ಲ್ಯಾಂಡ್ಸ್‌ನೆಕ್ಟ್, ಪ್ರೊಟೆಕ್ಟರ್, ಹಿಂದೆ ಮೆಡಿಕ್ ಮತ್ತು ಆಲ್ಕೆಮಿಸ್ಟ್. ಐದನೆಯವರಾಗಿ ಹಿಂದೆ ಸರ್ವೈವಲಿಸ್ಟ್ ಅಥವಾ ಮುಂದೆ ಡಾರ್ಕ್ ಹಂಟರ್. ಇಲ್ಲಿ ಯಾವ ವಿದ್ಯೆಯೂ ಹುಟ್ಟಿನಿಂದ ಬರುವುದಿಲ್ಲ, ಅಂಕ ಹಾಕಿದರಷ್ಟೇ ಬರುತ್ತದೆ. ಮೆಡಿಕ್‌ನ ಮೊದಲ ಅಂಕ ಚಿಕಿತ್ಸೆಗೆ ಹೋಗದಿದ್ದರೆ ಅವನು ಸುಮ್ಮನೆ ನಿಂತಿರುವ ಆಳು ಅಷ್ಟೇ. ನಿಮ್ಮ ಸೋಲಿಗೆ ಕಾರಣ ಬಹುಶಃ ಇದೇ, ಒಮ್ಮೆ ತೆರೆದು ನೋಡಿ.

ಮೊದಲ ದಿನಗಳಲ್ಲಿ ಎರಡು ಮೂರು ಜಗಳ ಮಾಡಿ, ಸಿಕ್ಕ ಚರ್ಮ, ರೆಕ್ಕೆ ಹಿಡಿದು ಊರಿಗೆ ವಾಪಸ್. ಅವನ್ನು ಅಂಗಡಿಗೆ ಮಾರಿದರೆ ದುಡ್ಡಷ್ಟೇ ಅಲ್ಲ, ಹೊಸ ಆಯುಧಗಳೂ ಮಾರಾಟಕ್ಕೆ ಬರುತ್ತವೆ. ಚೀಲದಲ್ಲಿ 60 ವಸ್ತು ಮಾತ್ರ ಹಿಡಿಯುತ್ತವೆ, ಅದರಲ್ಲಿ ಒಂದು ಜಾಗ ಊರಿಗೆ ಮರಳಿಸುವ ದಾರಕ್ಕೆ ಸದಾ ಮೀಸಲು. ಅದಿಲ್ಲದೆ ಮೆಟ್ಟಿಲಿಳಿಯಬೇಡಿ. ವಿಷ ತಗುಲಿದರೆ ‘ಆಮೇಲೆ ನೋಡೋಣ’ ಅನ್ನಬೇಡಿ. ಈ ಸರಣಿಯಲ್ಲಿ ವಿಷ ಕತ್ತಿಗಿಂತ ಬೇಗ ಕೊಲ್ಲುತ್ತದೆ.

ನಕ್ಷೆಯ ಮೇಲೆ ಉಂಡೆಯಂತೆ ಚಲಿಸುವ ಗುರುತು ಎಫ್‌ಓಇ, ಅಂದರೆ ಆ ಮಹಡಿಯ ಉಳಿದೆಲ್ಲ ಪ್ರಾಣಿಗಳಿಗಿಂತ ಬಹಳ ಬಲಶಾಲಿ. ನೀವು ಒಂದು ಹೆಜ್ಜೆ ಇಟ್ಟರೆ ಅದೂ ಒಂದು ಹೆಜ್ಜೆ ಇಡುತ್ತದೆ. ದೂರದಲ್ಲಿ ನಿಂತು ಒಂದೊಂದೇ ಹೆಜ್ಜೆ ಹಿಂದೆ ಮುಂದೆ ಇಟ್ಟು ಅದರ ಸುತ್ತು ಗಮನಿಸಿ, ಬಾಣದ ಗುರುತು ಹಾಕಿ ನಕ್ಷೆಯಲ್ಲಿ ಬರೆದುಕೊಳ್ಳಿ. ಹೊಸಬರಿಗೆ ತಿಳಿಯದ ಸಂಗತಿ ಇನ್ನೊಂದಿದೆ: ನೀವು ಬೇರೆ ಪ್ರಾಣಿಯ ಜತೆ ಜಗಳದಲ್ಲಿದ್ದಾಗಲೂ ಪ್ರತಿ ಸರದಿಗೆ ಅದು ಹೆಜ್ಜೆ ಇಡುತ್ತಲೇ ಇರುತ್ತದೆ. ಹತ್ತಿರ ಬಂದರೆ ಅದೇ ಜಗಳಕ್ಕೆ ನುಗ್ಗುತ್ತದೆ. ಹಾಗಾಗಿ ಎಫ್‌ಓಇ ಸುಳಿದಾಡುವ ಕಡೆ ಜಗಳ ಶುರುವಾದರೆ ಎಂಪಿಯಂತಿರುವ ಟಿಪಿಯನ್ನು ಉಳಿಸದೆ ಎರಡೇ ಸರದಿಯಲ್ಲಿ ಮುಗಿಸಿ, ಇಲ್ಲವೇ ತಪ್ಪಿಸಿಕೊಂಡು ಓಡಿ.

ಗೋಡೆಯಲ್ಲಿ ಅಡ್ಡದಾರಿ ಸಿಕ್ಕರೆ ಮರೆಯದೆ ಗುರುತು ಹಾಕಿ. ಒಂದು ಕಡೆಯಿಂದ ತೆರೆದ ಮೇಲೆ ಎರಡೂ ಕಡೆ ಓಡಾಡಬಹುದು, ಮರುದಿನ ಅರ್ಧ ಮಹಡಿ ನಡೆಯುವುದು ತಪ್ಪುತ್ತದೆ. ಇಷ್ಟಾದರೂ ಆಗದಿದ್ದರೆ ‘ಪಿಕ್‌ನಿಕ್’ ಎಂಬ ಸುಲಭ ಮಟ್ಟವಿದೆ. ಮೊದಲ ಮಹಡಿಯ ನಕ್ಷೆ ಪೂರ್ತಿಯಾಗುವ ತನಕ ಅದರಲ್ಲಿ ಆಡಿ, ಆಮೇಲೆ ‘ಬೇಸಿಕ್’ಗೆ ಏರಿಸಿಕೊಳ್ಳಿ.