ಎರಡು ಹೃದಯ, ಒಂದೇ ಮಾತ್ರೆ ಡಬ್ಬಿ

ಹೆಸರು, ವಯಸ್ಸು, ಕೆಲಸ, ಮನೆಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಇಬ್ಬರ ಒಪ್ಪಿಗೆಯೂ ಇದೆ.

ಸುಮತಿಯವರನ್ನು ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದವರು ಅವರ ಯಜಮಾನರು. ರಾಮಚಂದ್ರ ಅಂತ ಇಟ್ಟುಕೊಳ್ಳೋಣ. ಕುರ್ಚಿಯಲ್ಲಿ ಕೂರುವ ಮೊದಲೇ ಶುರು ಮಾಡಿದರು.

"ಮೇಡಂ, ಇವಳಿಗೆ ಏನಾಗಿದೆ ಅಂತ ನೀವೇ ಕೇಳಿ. ಸ್ಟೆಂಟ್ ಹಾಕಿ ಐದು ತಿಂಗಳಾಯ್ತು. ಡಾಕ್ಟರು ಹಾರ್ಟ್ ಚೆನ್ನಾಗಿದೆ ಅಂತಾರೆ. ಇವಳು ಮಾತ್ರ ಯಾವಾಗ ನೋಡಿದ್ರೂ ಅಳ್ತಾ ಇರ್ತಾಳೆ. ನನಗೂ ಬೈಪಾಸ್ ಆಗಿದೆ, ಮೂರು ವರ್ಷ ಆಯ್ತು. ನಾನೇನು ಹೀಗೆ ಅಳ್ತಾ ಕೂತಿದ್ನಾ?"

ಕೊನೆಯ ಆ ಮಾತನ್ನು ಫೈಲಿನ ಅಂಚಿನಲ್ಲಿ ಸಣ್ಣದಾಗಿ ಬರೆದುಕೊಂಡೆ. ಬರೆದು ಮರೆತೆ. ಅದು ನನ್ನ ತಪ್ಪು. ಆಮೇಲೆ ಬರ್ತೀನಿ ಅದಕ್ಕೆ.

ಸುಮತಿ ಆಗ ಅಳುತ್ತಿರಲಿಲ್ಲ. ಕೈಚೀಲದ ಜಿಪ್ ಎಳೆಯುವುದು, ಮತ್ತೆ ಮುಚ್ಚುವುದು, ಅದನ್ನೇ ಮಾಡುತ್ತಿದ್ದರು. ವಯಸ್ಸು 54. ಗಂಡನನ್ನು ಹೊರಗೆ ಕೂರಲು ಹೇಳಿ, ಅವರೊಬ್ಬರ ಜೊತೆ ಮಾತಿಗೆ ಕೂತೆ.

ಅಟ್ಯಾಕ್ ಆದಾಗ ಅವರಿಗೆ ಎದೆ ಹಿಡಿದುಕೊಂಡು ಬೀಳುವಂಥ ನೋವೇ ಇರಲಿಲ್ಲವಂತೆ. ಎರಡು ದಿನ ವಿಪರೀತ ಸುಸ್ತು, ಬೆನ್ನಿನ ಮಧ್ಯೆ ಹಿಡಿದಂತೆ, ಹೊಟ್ಟೆ ತೊಳಸು. ಗ್ಯಾಸ್ ಇರಬೇಕು ಅಂದುಕೊಂಡು ಕೆಲಸ ಮಾಡಿಕೊಂಡೇ ಇದ್ದರು. ಆಸ್ಪತ್ರೆ ಸೇರುವಷ್ಟರಲ್ಲಿ ತಡವಾಗಿತ್ತು. ಹೆಂಗಸರಲ್ಲೂ ಎದೆನೋವೇ ಮುಖ್ಯ ಲಕ್ಷಣ. ಆದರೆ ಉಸಿರು ಕಟ್ಟುವುದು, ವಾಕರಿಕೆ, ಬೆನ್ನು-ದವಡೆ ನೋವು, ಸುಸ್ತು ಇವೆಲ್ಲ ಅವರಲ್ಲಿ ಗಂಡಸರಿಗಿಂತ ಜಾಸ್ತಿ ಕಾಣುತ್ತವೆ. ಇದು ಗೊತ್ತಿಲ್ಲದ್ದು ಸುಮತಿಯವರ ತಪ್ಪೇನಲ್ಲ. ಅವರು ಮಾತ್ರ ಐದು ತಿಂಗಳಿಂದ ಅದನ್ನೇ ಜಪ ಮಾಡುತ್ತಿದ್ದರು. "ಮೊದಲೇ ಬಾಯಿ ಬಿಟ್ಟಿದ್ರೆ ಮನೆಯವರಿಗೆಲ್ಲ ಇಷ್ಟು ತೊಂದರೆ ಆಗ್ತಿರಲಿಲ್ಲ."

ಡಿಸ್ಚಾರ್ಜ್ ಆದ ಹತ್ತನೇ ದಿನಕ್ಕೆ ಅಡುಗೆಮನೆಗೆ ವಾಪಸ್. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. "ಎದ್ದು ತಲೆ ಬಾಚ್ಕೊಳ್ಳೋದೂ ಬೆಟ್ಟ ಹತ್ತಿದ ಹಾಗೆ ಮೇಡಂ" ಅಂದರು. ಟಿವಿ ಬೇಡ, ಫೋನ್ ಬೇಡ. ಮಗಳು ಕರೆ ಮಾಡಿದರೆ ಎತ್ತಲೂ ಬೇಜಾರು.

ಪಿಎಚ್‌ಕ್ಯೂ-9 ಅನ್ನುವ, ಡಿಪ್ರೆಶನ್ (ಖಿನ್ನತೆ) ಅಳೆಯುವ ಪ್ರಶ್ನಾವಳಿ ಕೊಟ್ಟೆ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ. ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. ಹತ್ತು ಮುಟ್ಟಿದರೆ ಕೂತು ವಿವರವಾಗಿ ನೋಡಲೇಬೇಕು. ಸುಮತಿಯವರದ್ದು 17. ಹೃದ್ರೋಗಿಗಳಲ್ಲಿ ಒಂದು ತೊಡಕಿದೆ. ಸುಸ್ತು, ನಿದ್ದೆ, ಹಸಿವಿನ ಪ್ರಶ್ನೆಗಳಿಗೆ ಹೃದಯದ ಕಾಯಿಲೆಯೂ ಕಾರಣ ಇರಬಹುದು, ಮಾತ್ರೆಯೂ ಇರಬಹುದು. ಅದಕ್ಕೇ ಅವರ ಡಾಕ್ಟರಿಗೆ ಹೇಳಿ ರಕ್ತಹೀನತೆ, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಿದೆವು. ಎರಡೂ ಸರಿಯಿದ್ದವು.

ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅಲ್ಲಿ ಅವರು 1 ಹಾಕಿದ್ದರು. ನಾನು ಸುತ್ತಿ ಬಳಸದೆ ಕೇಳಿದೆ, "ಸಾಯಬೇಕು ಅನ್ನಿಸುತ್ತಾ?"

"ಸಾಯ್ಬೇಕು ಅಂತಲ್ಲ. ಇನ್ನೊಂದ್ಸಲ ಅಟ್ಯಾಕ್ ಆದ್ರೆ ಯಾರಿಗೂ ಹೇಳ್ದೆ ಸುಮ್ನೆ ಮಲಗಿಬಿಡೋಣ ಅನ್ಸುತ್ತೆ."

ಇಂಥ ಮಾತನ್ನು ತೇಲಿಸಿ ಬಿಡಲು ಆಗುವುದಿಲ್ಲ. ಅವರ ಒಪ್ಪಿಗೆ ತೆಗೆದುಕೊಂಡು ಗಂಡನಿಗೂ ಮಗಳಿಗೂ ವಿಷಯ ತಿಳಿಸಿದೆ. ಆ ಯೋಚನೆ ಬಂದಾಗ ಮೊದಲು ಯಾರಿಗೆ ಹೇಳುವುದು, ಅವರು ಸಿಗದಿದ್ದರೆ ಯಾರಿಗೆ ಅಂತ ಒಂದು ಚೀಟಿಯಲ್ಲಿ ಅವರ ಕೈಯಿಂದಲೇ ಬರೆಸಿದೆ. ಮನೋವೈದ್ಯರನ್ನು ಅದೇ ದಿನ ನೋಡಿಸಿದೆವು.

ರಾಮಚಂದ್ರರಿಗೆ ಒಂದು ಅನುಮಾನ: "ಇದೆಲ್ಲ ಮನಸ್ಸಿನ ದೌರ್ಬಲ್ಯ ಅಲ್ವಾ?" ಹಾರ್ಟ್ ಅಟ್ಯಾಕ್ ಆದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಡಿಪ್ರೆಶನ್ ಬರುತ್ತದೆ. ಹೆಂಗಸರಲ್ಲಿ ಅದರ ಪ್ರಮಾಣ ಗಂಡಸರ ಹೆಚ್ಚುಕಡಿಮೆ ಎರಡು ಪಟ್ಟು. ಅದರಲ್ಲೂ 60 ದಾಟದ ಹೆಂಗಸರಲ್ಲಿ ಜಾಸ್ತಿ. ಡಿಪ್ರೆಶನ್ ಇದ್ದವರಲ್ಲಿ ಒತ್ತಡದ ಹಾರ್ಮೋನುಗಳು ಏರುಪೇರಾಗುತ್ತವೆ, ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚುತ್ತದೆ, ರಕ್ತನಾಳದಲ್ಲಿ ಉರಿಯೂತ ಜಾಸ್ತಿಯಾಗುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ತಜ್ಞರು 2014ರಲ್ಲೇ ಹೇಳಿದ್ದಾರೆ, ಅಟ್ಯಾಕ್ ಆದವರಲ್ಲಿ ಡಿಪ್ರೆಶನ್ ಅನ್ನು ಒಂದು ಅಪಾಯಕಾರಿ ಅಂಶ ಅಂತಲೇ ಲೆಕ್ಕ ಹಿಡಿಯಬೇಕು ಅಂತ. ಬಿಪಿ, ಸಕ್ಕರೆ, ಸಿಗರೇಟಿನ ಸಾಲಿಗೆ ಇದನ್ನೂ ಸೇರಿಸಿ ಅಂತ ನಾನು ರಾಮಚಂದ್ರರಿಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ಒಪ್ಪಿದ ಹಾಗೆ ಕಾಣಲಿಲ್ಲ.

ಎರಡನೇ ಭೇಟಿಗೆ ಇಬ್ಬರೂ ಅವರವರ ಮಾತ್ರೆ ತರಬೇಕು ಅಂತ ಹೇಳಿದ್ದೆ. ಡಿಪ್ರೆಶನ್ ಹೃದಯಕ್ಕೆ ಕೆಟ್ಟದ್ದು ಮಾಡುವ ಸುಲಭದ ದಾರಿ ಇದೇ: ಮಾತ್ರೆ ತಪ್ಪುವುದು.

ರಾಮಚಂದ್ರ ಮೇಜಿನ ಮೇಲೆ ಏಳು ಖಾನೆಯ ಡಬ್ಬಿ ಇಟ್ಟರು. ಒಂದೊಂದು ಮುಚ್ಚಳದ ಮೇಲೂ ವಾರದ ಹೆಸರು. ಒಳಗೆ ಬೆಳಗಿನದು, ರಾತ್ರಿಯದು ಬೇರೆ ಬೇರೆ. "ಪ್ರತಿ ಭಾನುವಾರ ಇವಳೇ ತುಂಬಿ ಇಡೋದು. ಮೂರು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ." ಅದನ್ನು ಹೇಳುವಾಗ ದನಿಯಲ್ಲಿ ಹೆಮ್ಮೆ ಇತ್ತು.

"ನಿಮ್ಮದು?" ಅಂತ ಸುಮತಿಯವರನ್ನು ಕೇಳಿದೆ.

ಕೈಚೀಲದ ತಳದಿಂದ ಆಸ್ಪತ್ರೆಯ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಮಡಚಿ ಹೋಗಿದ್ದ ಸ್ಟ್ರಿಪ್‌ಗಳು. ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುವ ಮಾತ್ರೆ ಇರುತ್ತದಲ್ಲ, ಡಾಕ್ಟರು ಹೇಳುವವರೆಗೆ ಒಂದು ದಿನವೂ ನಿಲ್ಲಿಸಬಾರದ್ದು, ಅದನ್ನು ಎಣಿಸಿದೆ. ಮುಗಿದು ವಾರ ಆಗಿರಬೇಕಿತ್ತು. ಒಂಬತ್ತು ಉಳಿದಿದ್ದವು.

"ಇವರ ಡಬ್ಬಿ ತುಂಬೋ ಹೊತ್ತಿಗೇ ಸಾಕಾಗಿರುತ್ತೆ ಮೇಡಂ. ನಂದು ಆಮೇಲೆ ತಗೊಂಡ್ರಾಯ್ತು ಅಂದ್ಕೊಂಡು ಮಲಗಿಬಿಡ್ತೀನಿ."

ರಾಮಚಂದ್ರ ಆ ಸ್ಟ್ರಿಪ್ ನೋಡುತ್ತಾ ಕೂತರು. ಆಮೇಲೆ ಮೇಜಿಗೆ ಕೈ ಬಡಿದು, "ನನಗೆ ಹೇಳೋಕೆ ಏನಾಗಿತ್ತು ನಿನಗೆ?" ಅಂತ ಕೂಗಿದರು. ಎದ್ದು ಹೊರಗೆ ಹೋದರು. ಬಾಗಿಲು ದಡ್ ಅಂತ ಬಿತ್ತು.

ಸುಮತಿ ಬೆಚ್ಚಲಿಲ್ಲ. "ಹೀಗೇ ಮೇಡಂ ಇವ್ರು, ಆಪರೇಷನ್ ಆದ್ಮೇಲೆ. ಮೊದಲು ದನಿ ಎತ್ತಿದವರೇ ಅಲ್ಲ."

ಆಗ ನನಗೆ ಫೈಲಿನ ಅಂಚು ನೆನಪಾಯಿತು. 'ನಾನೇನು ಹೀಗೆ ಅಳ್ತಾ ಕೂತಿದ್ನಾ.' ಎದುರಿಗೆ ಇಬ್ಬರು ಹೃದ್ರೋಗಿಗಳು ಕೂತಿದ್ದರು. ನಾನು ಕಣ್ಣೀರು ಹಾಕುವವರನ್ನು ರೋಗಿ ಅಂತಲೂ, ಸಿಡುಕುವವರನ್ನು ರೋಗಿಯ ಗಂಡ ಅಂತಲೂ ನೋಡಿದ್ದೆ. ಹದಿನೈದು ವರ್ಷದ ಅನುಭವ ಇಟ್ಟುಕೊಂಡು!

ರಾಮಚಂದ್ರರನ್ನು ಒಪ್ಪಿಸಲು ಎರಡು ವಾರ ಬೇಕಾಯಿತು. ಬಂದವರು ಪ್ರಶ್ನಾವಳಿಯನ್ನು ನಿಂತುಕೊಂಡೇ ತುಂಬಿದರು. ಅಂಕ 4. ಬೇಸರ? ಸೊನ್ನೆ. ನಿದ್ದೆ? ಸೊನ್ನೆ. ಕಾಗದದ ಪ್ರಕಾರ ಅವರಿಗೆ ಏನೂ ಆಗಿಲ್ಲ. ಎದುರುಬದುರು ಕೂತರೆ ಈ ಮನುಷ್ಯ ಮಾತಾಡುವುದಿಲ್ಲ ಅನ್ನಿಸಿತು. "ಬನ್ನಿ, ಸ್ವಲ್ಪ ನಡೀತಾ ಮಾತಾಡೋಣ" ಅಂದೆ. ಪಕ್ಕಪಕ್ಕ ನಡೆಯುವಾಗ ಮುಖ ನೋಡಬೇಕಿಲ್ಲ. ಎಷ್ಟೋ ಗಂಡಸರಿಗೆ ಅದು ಅನುಕೂಲ.

ಮೂರನೇ ಸುತ್ತಿಗೆ ಮಾತು ಬಂತು. ಬೈಪಾಸ್ ಆದ ಮೇಲೆ ಓಡಾಟದ ಕೆಲಸದಿಂದ ಮೇಜಿನ ಕೆಲಸಕ್ಕೆ ಹಾಕಿದರಂತೆ. ಆರು ತಿಂಗಳಿಗೆ ಬೇಡ ಅಂತ ಬಿಟ್ಟುಬಂದರು. ಮಲಗಿದರೆ ಕಿವಿಯಲ್ಲಿ ಎದೆಬಡಿತ ಕೇಳುತ್ತದೆ, ಅದಕ್ಕೆ ಕುರ್ಚಿಯಲ್ಲೇ ನಿದ್ದೆ. ನಿದ್ದೆ ಬರಲಿ ಅಂತ ರಾತ್ರಿ ಎರಡು ಪೆಗ್. ಹೆಂಡತಿಯ ಹತ್ತಿರ ಹೋಗಿ ಮೂರು ವರ್ಷ. "ಹೃದಯ ನಿಂತೇ ಹೋದ್ರೆ? ಅದನ್ನ ಡಾಕ್ಟರ ಹತ್ರ ಹೇಗೆ ಕೇಳೋದು ಮೇಡಂ." ಸುಮತಿಯವರನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದ ದಿನದಿಂದ, ಅವರು ಸ್ವಲ್ಪ ಹೊತ್ತು ಮಲಗಿದರೂ ಉಸಿರಾಡ್ತಾ ಇದ್ದಾರಾ ಅಂತ ಹೋಗಿ ನೋಡುತ್ತಾರಂತೆ. ನೋಡಿ ಬಂದು ಯಾರ ಮೇಲಾದರೂ ರೇಗುತ್ತಾರೆ.

ಡಿಪ್ರೆಶನ್ ಗಂಡಸರಲ್ಲಿ ಎಷ್ಟೋ ಸಲ ಹೀಗೇ ಕಾಣುವುದು. ಸಿಡುಕು, ಕುಡಿತ, ಮಾತು ಬಿಡುವುದು. ಎಲ್ಲ ಗಂಡಸರೂ ಹೀಗೆ, ಎಲ್ಲ ಹೆಂಗಸರೂ ಹಾಗೆ ಅಂತಲ್ಲ, ನನ್ನ ಹತ್ತಿರ ಬಿಕ್ಕಿ ಅತ್ತ ಗಂಡಸರಿದ್ದಾರೆ, ತಟ್ಟೆ ಎಸೆದ ಹೆಂಗಸರೂ ಇದ್ದಾರೆ. ಆದರೆ 'ಗಂಡಸರಿಗೆ ಡಿಪ್ರೆಶನ್ ಕಡಿಮೆ' ಅನ್ನುವ ಲೆಕ್ಕದ ಒಂದು ಭಾಗ ಅವರು ಬಾಯಿ ಬಿಡದಿರುವುದು, ನಾವು ಕೇಳದಿರುವುದು. ಬಹುತೇಕ ದೇಶಗಳಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವವರಲ್ಲಿ ಗಂಡಸರೇ ಜಾಸ್ತಿ ಅನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇಬ್ಬರಿಗೂ ಒಂದೇ ಸಲಹೆ ಕೊಡಲಿಲ್ಲ.

ಸುಮತಿಯವರಿಗೆ ಮನೋವೈದ್ಯರು ಸರ್ಟ್ರಾಲಿನ್ ಅನ್ನುವ ಡಿಪ್ರೆಶನ್ನಿನ ಮಾತ್ರೆ ಶುರು ಮಾಡಿದರು. ಹೃದ್ರೋಗಿಗಳಲ್ಲಿ ಇದರ ಸುರಕ್ಷತೆಯನ್ನು ಪರೀಕ್ಷಿಸಿದ ಅಧ್ಯಯನದ ಫಲಿತಾಂಶ 2002ರಲ್ಲೇ ಬಂದಿದೆ. ಡಿಪ್ರೆಶನ್ನಿನ ಕೆಲವು ಹಳೆಯ ಮಾತ್ರೆಗಳು ಹೃದಯದ ಬಡಿತಕ್ಕೆ ತೊಂದರೆ ಕೊಡುತ್ತವೆ. ರಕ್ತ ತೆಳುಮಾಡುವ ಮಾತ್ರೆಯ ಜೊತೆ ಸರ್ಟ್ರಾಲಿನ್ ಸೇರಿದರೆ ರಕ್ತಸ್ರಾವದ ಸಾಧ್ಯತೆ ಸ್ವಲ್ಪ ಹೆಚ್ಚು. ಹಾಗಾಗಿ ಹೃದಯದ ಡಾಕ್ಟರಿಗೂ ಮನೋವೈದ್ಯರಿಗೂ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲೇಬೇಕು. ಗುಣ ಕಾಣಲು ಕೆಲವು ವಾರ ಬೇಕು, ಹಾಯೆನಿಸಿತು ಅಂತ ನೀವೇ ನಿಲ್ಲಿಸಬೇಡಿ ಅಂತ ಎರಡೆರಡು ಸಲ ಹೇಳಿದೆ.

ಬೆಳಿಗ್ಗೆಯಿಂದ ರಾತ್ರಿವರೆಗೆ ಮಾಡುವ ಕೆಲಸವನ್ನೆಲ್ಲ ಬರೆದುಕೊಂಡು ಬನ್ನಿ ಅಂತಲೂ ಹೇಳಿದ್ದೆ. 31 ಬಂದವು. ರಾಮಚಂದ್ರರ ಕೈಗೆ ಕೊಟ್ಟು ಜೋರಾಗಿ ಓದಿಸಿದೆ. ಹತ್ತೊಂಬತ್ತನೆಯದಕ್ಕೆ ನಿಲ್ಲಿಸಿ, "ಇದೆಲ್ಲ ದಿನಾನಾ?" ಅಂತ ಹೆಂಡತಿಯನ್ನು ಕೇಳಿದರು. ಅದರಲ್ಲಿ ಆರನ್ನು ಅವರು ವಹಿಸಿಕೊಂಡರು. 'ಸಹಾಯ ಮಾಡ್ತೀನಿ' ಅನ್ನುವ ಮಾತು ಬೇಡ, ಆ ಆರು ಇನ್ನು ನಿಮ್ಮವು, ಮರೆತರೆ ನೀವೇ ಜವಾಬ್ದಾರಿ ಅಂದೆ. ಒಂದು, ಭಾನುವಾರ ಎರಡೂ ಡಬ್ಬಿ ತುಂಬುವುದು. ಅದೇ ಸಂಜೆ ಇನ್ನೊಂದು ಡಬ್ಬಿ ಬಂತು, ಬೇರೆ ಬಣ್ಣದ್ದು.

ಸುಮತಿಯವರ ಜೊತೆ ಕಷ್ಟದ ಕೆಲಸ ಇದ್ದದ್ದು ಬೇರೆ ಕಡೆ. ಗಂಡ ಕೆಲಸ ಮಾಡುವಾಗ ಸುಮ್ಮನೆ ಕೂರುವುದು ಅವರಿಂದ ಆಗುತ್ತಿರಲಿಲ್ಲ. ಕೂತರೆ ಎದೆ ಡವಗುಟ್ಟುತ್ತಿತ್ತು. "ಕಾಯಿಲೆ ಬಂದಿದ್ದು ಸಾಲದು ಅಂತ ಸೋಮಾರಿನೂ ಆದೆ ಅನ್ಸುತ್ತೆ." ಇದನ್ನೇ ಎಂಟು ಭೇಟಿಗಳಲ್ಲಿ ಬಿಡಿಸಿದೆವು. ಇದೇ ಮಾತನ್ನು ಮಗಳು ಹೇಳಿದ್ದರೆ ಏನಂತಿದ್ದಿರಿ ಅಂತ ಕೇಳಿದಾಗ ಮೊದಲ ಸಲ ನಕ್ಕರು.

ಆಸ್ಪತ್ರೆಯ ಪುನಶ್ಚೇತನ ಕಾರ್ಯಕ್ರಮ, ಅಂದರೆ ತಜ್ಞರ ಕಣ್ಣೆದುರಿನ ವ್ಯಾಯಾಮ ಮತ್ತು ತಿಳಿವಳಿಕೆ, ರಾಮಚಂದ್ರರಿಗೆ ಸಿಕ್ಕಿತ್ತು. ಸುಮತಿಯವರಿಗೆ ಯಾರೂ ಹೇಳಿಯೇ ಇರಲಿಲ್ಲ. ಹೆಂಗಸರನ್ನು ಅಲ್ಲಿಗೆ ಕಳಿಸುವುದೂ ಕಡಿಮೆ, ಹೋದವರು ಮಧ್ಯದಲ್ಲಿ ಬಿಡುವುದೂ ಜಾಸ್ತಿ. ನಾವೇ ಕೇಳಿ ಹಾಕಿಸಿಕೊಂಡೆವು. ಹೆಂಗಸರದ್ದೇ ಗುಂಪು ಇದ್ದರೆ ಒಳ್ಳೆಯದು ಅಂದೆ. ಅದಕ್ಕೆ ಕಾರಣವಿದೆ. 2003ರಲ್ಲಿ ಫಲಿತಾಂಶ ಬಂದ ಎನ್‌ರಿಚ್ಡ್ ಅನ್ನುವ ಅಮೆರಿಕದ ಅಧ್ಯಯನದಲ್ಲಿ ಗಂಡಸರೂ ಹೆಂಗಸರೂ ಸೇರಿ 2,481 ರೋಗಿಗಳಿದ್ದರು. ಆಪ್ತಸಲಹೆಯಿಂದ ಮನಸ್ಸು ಒಂದಿಷ್ಟು ಹಗುರಾಯಿತು, ಆದರೆ ಸಾವಾಗಲಿ ಮರು ಅಟ್ಯಾಕ್ ಆಗಲಿ ಕಡಿಮೆಯಾಗಲಿಲ್ಲ. ಆಮೇಲೆ 2009ರಲ್ಲಿ ಸ್ಟಾಕ್‌ಹೋಮಿನಿಂದ ಇನ್ನೊಂದು ಬಂತು. 237 ಹೃದ್ರೋಗಿ ಹೆಂಗಸರು. ಅವರಲ್ಲಿ ಒಂದು ಭಾಗಕ್ಕೆ ಹೆಂಗಸರದ್ದೇ ಗುಂಪಿನಲ್ಲಿ ಒಂದು ವರ್ಷದಲ್ಲಿ ಒಟ್ಟು 20 ಸಲ ಒತ್ತಡ ನಿಭಾಯಿಸುವ ತರಬೇತಿ ಕೊಟ್ಟರು. ಸರಾಸರಿ ಏಳು ವರ್ಷದ ನಂತರ ನೋಡಿದಾಗ ಆ ಗುಂಪಿನಲ್ಲಿ ಸತ್ತವರು ನೂರಕ್ಕೆ 7, ಮಾಮೂಲಿ ಚಿಕಿತ್ಸೆಯವರಲ್ಲಿ ನೂರಕ್ಕೆ 20. ಒಂದೇ ಅಧ್ಯಯನ ನೋಡಿ ತೀರ್ಪು ಕೊಡಬಾರದು, ಒಪ್ತೀನಿ. ಆದರೂ ಹೆಂಗಸರಿಗೆ ಹೆಂಗಸರ ನಡುವೆ ಕೂತು ಮಾತಾಡಲು ಜಾಗ ಬೇಕು ಅಂತ ನಾನು ದಿನಾ ನೋಡುವುದಕ್ಕೂ ಅದಕ್ಕೂ ತಾಳೆಯಾಗುತ್ತದೆ.

ರಾಮಚಂದ್ರರ ಮೊದಲ ಹೋಂವರ್ಕ್, ನಡೆಯುವುದು. ಡಾಕ್ಟರು ಒಪ್ಪಿದ ಹದದಲ್ಲಿ, ದಿನಕ್ಕೆ ಅರ್ಧ ಗಂಟೆಯವರೆಗೆ. ನಿಯಮಿತ ವ್ಯಾಯಾಮಕ್ಕೆ ಹೃದ್ರೋಗಿಗಳ ಡಿಪ್ರೆಶನ್ ಕಡಿಮೆ ಮಾಡುವ ಶಕ್ತಿ ಇದೆ. ಎರಡನೆಯದು, ಕುಡಿತದ ವಿಷಯವನ್ನು ಹೃದಯದ ಡಾಕ್ಟರಿಗೆ ಇದ್ದದ್ದು ಇದ್ದಂತೆ ಹೇಳುವುದು. ಮೂರನೆಯದಕ್ಕೆ ಅವರು ಬೆವತರು. ಹೆಂಡತಿಯ ಹತ್ತಿರ ಹೋಗುವ ಪ್ರಶ್ನೆಯನ್ನು ಡಾಕ್ಟರಿಗೆ ಕೇಳುವುದು. ಬಾಯಲ್ಲಿ ಆಗದಿದ್ದರೆ ಚೀಟಿಯಲ್ಲಿ ಬರೆದುಕೊಡಿ ಅಂದೆ. ಎದೆನೋವು, ಏದುಸಿರು ಇಲ್ಲದೆ ಎರಡು ಮಹಡಿ ಹತ್ತಬಲ್ಲವರಿಗೆ ಸಾಮಾನ್ಯವಾಗಿ ಡಾಕ್ಟರುಗಳು ಅಡ್ಡಿ ಹೇಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಕಡ್ಡಾಯ. ಯಾರದ್ದೋ ಮಾತು ಕೇಳಿ ಲೈಂಗಿಕ ಶಕ್ತಿಯ ಮಾತ್ರೆ ನುಂಗಬೇಡಿ. ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆಯ ಜೊತೆ ಅದು ಸೇರಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ.

ಸುಮತಿಯವರಿಗೆ ಆ ಮೂರು ವರ್ಷದ ದೂರಕ್ಕೆ ಬೇರೆಯೇ ಅರ್ಥ ಇತ್ತು. 'ನನ್ನ ಕಂಡ್ರೆ ಇವ್ರಿಗೆ ಆಗಲ್ಲ' ಅಂತ. ಅದನ್ನು ಇಬ್ಬರೂ ನನ್ನ ಮುಂದೆ ಒಬ್ಬರಿಗೊಬ್ಬರು ಹೇಳಿಕೊಂಡ ದಿನ ನಾನು ನೀರು ತರುವ ನೆಪದಲ್ಲಿ ಹತ್ತು ನಿಮಿಷ ಹೊರಗಿದ್ದೆ.

ಇಬ್ಬರಿಗೂ ಸಮಾನವಾಗಿ ಹೇಳಿದ್ದು ಒಂದೇ: ಹೊಸದಾಗಿ ಎದೆನೋವು, ಉಸಿರುಕಟ್ಟು, ತಣ್ಣನೆ ಬೆವರು ಬಂದರೆ 'ಟೆನ್ಶನ್ ಇರ್ಬೇಕು' ಅಂತ ಕೂರಬೇಡಿ. ಮೊದಲು ಆಸ್ಪತ್ರೆ. ಟೆನ್ಶನ್ ಹೌದೋ ಅಲ್ಲವೋ ಆಮೇಲೆ ನೋಡೋಣ.

ನಾಲ್ಕು ತಿಂಗಳಿಗೆ ಸುಮತಿಯವರ ಅಂಕ 17ರಿಂದ 8ಕ್ಕೆ ಇಳಿಯಿತು. ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಸ್ಟ್ರಿಪ್‌ಗಳು ಲೆಕ್ಕಕ್ಕೆ ಸರಿಯಾಗಿ ಖಾಲಿಯಾಗುತ್ತಿದ್ದವು. ರಾಮಚಂದ್ರರ ಅಂಕ 4ರಿಂದ 12ಕ್ಕೆ ಏರಿತು. ನನಗೆ ಖುಷಿಯಾಯಿತು. ಅವರು ಹದಗೆಟ್ಟಿರಲಿಲ್ಲ. ಈ ಸಲ ಕೂತು, ಕನ್ನಡಕ ಹಾಕಿಕೊಂಡು, ನಿಜ ಬರೆದಿದ್ದರು.

ಹೊರಡುವಾಗ ಸುಮತಿ ಮುಂದೆ ಹೋದರು. ಇವರು ಬಾಗಿಲ ಹತ್ತಿರ ನಿಂತು, "ಮುಂದಿನ ವಾರ ಟೈಮ್ ಇದೆಯಾ ಮೇಡಂ? ನಾನೊಬ್ಬನೇ ಬರ್ತೀನಿ" ಅಂದರು.