ಡಾಕ್ಯುಮೆಂಟೇಶನ್ ಬರೆಯುತ್ತ ಕೂರಲು ಸಮಯವಿಲ್ಲ. ಕೋಡ್‌ನಿಂದಲೇ ವಿವರಣೆಯ ಪುಟಗಳನ್ನು ತಯಾರಿಸುವ ಟೂಲ್‌ಗಳಲ್ಲಿ ಡಾಕ್ಸಿಜನ್ ಒಳ್ಳೆಯದೋ, ಸ್ಫಿಂಕ್ಸೋ?

ಸಮಯವಿಲ್ಲ ಅಂತಲೇ ನಾನೂ ಈ ದಾರಿ ಹಿಡಿದಿದ್ದೆ. ಹಾಸನದಲ್ಲಿ ನಾವೊಂದಿಷ್ಟು ಗೆಳೆಯರು ಸೇರಿ ಕಾಫಿ ತೋಟದ ಮಳೆಮಾಪಕಕ್ಕೆ ಸಿ ಪ್ಲಸ್ ಪ್ಲಸ್‌ನಲ್ಲಿ ಲೈಬ್ರರಿ (ಬೇರೆಯವರೂ ತಮ್ಮ ಪ್ರೋಗ್ರಾಮಿನಲ್ಲಿ ಬಳಸಬಹುದಾದ ಕೋಡ್) ಬರೆದು ಓಪನ್ ಸೋರ್ಸ್ ಮಾಡಿದ್ದೆವು. ಮಾಪಕದೊಳಗೆ ಪುಟ್ಟ ಬಕೆಟ್ ಇರುತ್ತದೆ. ಇಂಚಿನ ನೂರರಲ್ಲೊಂದು ಪಾಲು ಮಳೆಗೆ ಅದು ಒಮ್ಮೆ ಮಗುಚುತ್ತದೆ, ನಮ್ಮ ಫಂಕ್ಷನ್ ಅದನ್ನು ಎಣಿಸಿ ಹೇಳುತ್ತದೆ. ಈ ಕಡೆ ತೋಟದವರು ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲೇ ಮಾತಾಡುವುದು. 100 ಸೆಂಟ್ ಅಂದರೆ ಒಂದು ಇಂಚು. ಹಾಗಾಗಿ ಬರುವ ಸಂಖ್ಯೆ ಸೆಂಟ್ ಎಂದು ಬರೆದಿಡಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಡಾಕ್ಸಿಜನ್ ಓಡಿಸಿದೆ. ಕಾಮೆಂಟ್ (ಕೋಡ್ ಜೊತೆಗೆ ನಾವೇ ಬರೆಯುವ ವಿವರಣೆ) ಇಲ್ಲದ ಫಂಕ್ಷನ್‌ಗಳು ಪುಟದಲ್ಲಿ ಬರಲಿಲ್ಲ. ಆಗ ಎಕ್ಸ್‌ಟ್ರ್ಯಾಕ್ಟ್ ಆಲ್ ಎಂಬ ಸೆಟ್ಟಿಂಗ್‌ಗೆ ಯೆಸ್ ಕೊಟ್ಟೆ. ಇದನ್ನು ಬಿಡಿಸಿ ಹೇಳಲೇಬೇಕು, ಎಷ್ಟೋ ಜನ ಈಗಲೂ ಕಣ್ಣುಮುಚ್ಚಿ ಇದನ್ನೇ ಮಾಡುತ್ತಾರೆ. ಯೆಸ್ ಅಂದರೆ ಡಾಕ್ಸಿಜನ್ ಪ್ರತಿಯೊಂದಕ್ಕೂ ವಿವರಣೆ ಇದೆ ಎಂದೇ ಹಿಡಿದು ಎಲ್ಲವನ್ನೂ ಪಟ್ಟಿ ಮಾಡುತ್ತದೆ. ಜೊತೆಗೆ, ‘ಇದಕ್ಕೆ ವಿವರಣೆ ಇಲ್ಲ’ ಎನ್ನುವ ಎಚ್ಚರಿಕೆಗಳನ್ನೂ ನಿಲ್ಲಿಸಿಬಿಡುತ್ತದೆ. ಪ್ಯಾರಾಮೀಟರ್ (ಫಂಕ್ಷನ್‌ಗೆ ಕೊಡುವ ಮೌಲ್ಯ) ಬಗ್ಗೆ, ರಿಟರ್ನ್ (ಅದು ಹಿಂತಿರುಗಿಸುವ ಮೌಲ್ಯ) ಬಗ್ಗೆ ಬರೆದಿಲ್ಲ ಎನ್ನುವ ಎಚ್ಚರಿಕೆಯೂ ಹೋಗುತ್ತದೆ. ಬಿಲ್ಡ್ ಲಾಗ್ (ಪುಟಗಳು ತಯಾರಾಗುವಾಗ ಬರುವ ಸಂದೇಶಗಳ ಪಟ್ಟಿ) ಶುಭ್ರವಾಯಿತು, ಪುಟಗಳು ತುಂಬಿದವು. ನಮ್ಮ ಫಂಕ್ಷನ್‌ನ ಪುಟದಲ್ಲಿ ಹೆಸರಿತ್ತು, ಇಂಟ್ (ಪೂರ್ಣಾಂಕ) ಎಂಬ ಟೈಪ್ ಇತ್ತು, ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆಂಬ ಚಿತ್ರವೂ ಇತ್ತು. ಕಂಪೈಲರ್‌ಗೆ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಪ್ರೋಗ್ರಾಮಿಗೆ) ಗೊತ್ತಿರುವುದಷ್ಟೂ ಇತ್ತು. ಸಂಖ್ಯೆ ಯಾವ ಅಳತೆಯದು ಎಂಬುದು ಕಂಪೈಲರ್‌ಗೆ ಗೊತ್ತಿಲ್ಲ, ಪುಟದಲ್ಲೂ ಇರಲಿಲ್ಲ.

ಚಿಕ್ಕಮಗಳೂರಿನ ಹುಡುಗನೊಬ್ಬ ಆ ಪುಟ ನೋಡಿ ಮೊಬೈಲ್ ಆ್ಯಪ್ ಬರೆದ. ಮಳೆ ಅಂದಮೇಲೆ ಮಿಲಿಮೀಟರ್ ಇರಬೇಕು ಅಂದುಕೊಂಡ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಮಾರ್ಚ್‌ನಲ್ಲಿ ಮೂಡಿಗೆರೆ ಕಡೆ ಹೂಮಳೆ (ಕಾಫಿ ಮೊಗ್ಗನ್ನು ಅರಳಿಸುವ ಮಳೆ) ಬಿತ್ತು, ಮಾಪಕ 40 ಎಂದಿತು. 40 ಸೆಂಟ್ ಅಂದರೆ ಸುಮಾರು 10 ಮಿ.ಮೀ. ಆ್ಯಪ್ ತೋರಿಸಿದ್ದು 40 ಮಿ.ಮೀ., ಒಂದೂವರೆ ಇಂಚಿಗಿಂತ ಹೆಚ್ಚು. ತೋಟದ ಯಜಮಾನರು ಬೆಂಗಳೂರಿನಲ್ಲಿದ್ದರು. ಹೂವಿಗೆ ಇಷ್ಟು ಧಾರಾಳವಾಯಿತು ಎಂದು ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಿಸಲಿಲ್ಲ. ಮೊಗ್ಗು ಸರಿಯಾಗಿ ಅರಳಲಿಲ್ಲ. ವರ್ಷದ ಫಸಲು ನಿಂತಿರುವುದೇ ಆ ಹೂವಿನ ಮೇಲೆ. ಯಜಮಾನರು ಮಾಪಕದ ಪೆಟ್ಟಿಗೆ ಬಿಚ್ಚಿಸಿ ವಾಪಸ್ ಕಳಿಸಿದರು. ಹುಡುಗ ತನ್ನಿಂದಲೇ ಹೀಗಾಯಿತೆಂದು ನೊಂದು ಯೋಜನೆಯನ್ನೇ ಬಿಟ್ಟ. ನಾನು ಎಷ್ಟು ಹೇಳಿದರೂ ತಿರುಗಿ ಬರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ನೀವು ಕೇಳಬೇಕಾದ್ದು ಟೂಲ್ ಬಗ್ಗೆ ಅಲ್ಲ. ಸಿ ಪ್ಲಸ್ ಪ್ಲಸ್ ಆದರೆ ಡಾಕ್ಸಿಜನ್, ಪೈಥಾನ್ ಆದರೆ ಸ್ಫಿಂಕ್ಸ್, ಅಲ್ಲಿಗೆ ಆಯ್ಕೆ ಮುಗಿಯಿತು. ಎರಡೂ ನೀವು ಬರೆದ ಕಾಮೆಂಟನ್ನು ಜೋಡಿಸಿಕೊಡುತ್ತವೆ, ಬರೆಯದ್ದನ್ನು ಎಲ್ಲಿಂದ ತರಬೇಕು? ಸ್ಫಿಂಕ್ಸ್ ಆದರೆ ಒಂದು ಗಮನಿಸಿ: ಅದರ ಆಟೋಡಾಕ್ (ಕೋಡಿನಿಂದ ವಿವರಣೆ ಎತ್ತಿಕೊಳ್ಳುವ ಭಾಗ) ನಿಮ್ಮ ಮಾಡ್ಯೂಲನ್ನು, ಅಂದರೆ ಕೋಡ್ ಫೈಲನ್ನು, ನಿಜವಾಗಿಯೇ ಇಂಪೋರ್ಟ್ ಮಾಡುತ್ತದೆ. ಫೈಲಿನ ಮೇಲ್ಭಾಗದಲ್ಲೇ ಸೆನ್ಸರ್ ಪೋರ್ಟ್ ತೆರೆಯುವ ಸಾಲಿದ್ದರೆ ಡಾಕ್ಯುಮೆಂಟೇಶನ್ ಬಿಲ್ಡ್ ಆಗುವಾಗಲೂ ಅದು ಓಡುತ್ತದೆ. ಉದಾಹರಣೆಗಳನ್ನು ಡಾಕ್‌ಟೆಸ್ಟ್ (ಉದಾಹರಣೆಯನ್ನೇ ಓಡಿಸಿ ಪರೀಕ್ಷಿಸುವ ಟೂಲ್) ರೂಪದಲ್ಲಿ ಬರೆಯಿರಿ. 2001ರಿಂದ ಅದು ಪೈಥಾನ್ ಜೊತೆಗೇ ಬರುತ್ತಿದೆ, ಕೋಡ್ ಬದಲಾಗಿ ಉದಾಹರಣೆ ಹಳತಾದರೆ ಟೆಸ್ಟ್ ಫೇಲಾಗಿ ಗೊತ್ತಾಗುತ್ತದೆ.

ಡಾಕ್ಸಿಜನ್‌ನಲ್ಲಿ ಎಕ್ಸ್‌ಟ್ರ್ಯಾಕ್ಟ್ ಆಲ್‌ಗೆ ನೋ ಕೊಡಿ. ವಾರ್ನ್ ಇಫ್ ಅನ್‌ಡಾಕ್ಯುಮೆಂಟೆಡ್, ವಾರ್ನ್ ನೋ ಪ್ಯಾರಮ್‌ಡಾಕ್, ವಾರ್ನ್ ಆ್ಯಸ್ ಎರರ್ ಮೂರಕ್ಕೂ ಯೆಸ್ ಕೊಡಿ. ವಿವರಣೆ ಇಲ್ಲದಿದ್ದರೆ ಬಿಲ್ಡ್ ನಿಲ್ಲಲಿ. ರಿಟರ್ನ್ ಎಂದು ಬರೆದಲ್ಲೆಲ್ಲ ಅಳತೆ ಇರಲಿ; ನಮ್ಮಲ್ಲಿ ಈಗ ‘ಕಳೆದ ಸಲ ಓದಿದ ಮೇಲೆ ಬಿದ್ದ ಮಳೆ, ಸೆಂಟ್‌ನಲ್ಲಿ; 1 ಸೆಂಟ್ = 0.254 ಮಿ.ಮೀ.; ಓದಿದ ಕೂಡಲೇ ಎಣಿಕೆ ಸೊನ್ನೆಯಾಗುತ್ತದೆ’ ಎಂದಿದೆ. ಹಳೆಯ ಕೋಡಿಗೆ ಇವನ್ನೆಲ್ಲ ಹಾಕಿದ ದಿನ ಎಚ್ಚರಿಕೆಗಳು ರಾಶಿ ಬೀಳುತ್ತವೆ, ಗಾಬರಿಯಾಗಿ ಆಫ್ ಮಾಡಬೇಡಿ. ಮೊದಲು ಹೊರಗಿನವರು ಬಳಸುವ ಹೆಡರ್ ಫೈಲುಗಳನ್ನಷ್ಟೇ (ಫಂಕ್ಷನ್‌ಗಳ ಘೋಷಣೆ ಇರುವ ಫೈಲುಗಳು) ಇನ್‌ಪುಟ್‌ಗೆ ಕೊಡಿ. ಒಳಗಿನದನ್ನು ಆಮೇಲೆ ನೋಡಿಕೊಂಡರಾಯಿತು.