ಪಂಜುರ್ಲಿಯ ಮೊಗಕ್ಕೆ (ಮುಖವಾಡಕ್ಕೆ) ಹಂದಿಯ ಮುಖ ಯಾಕೆ?

ತುಳುನಾಡಿನ ದೈವ ಪಂಜುರ್ಲಿ ಅಂದರೆ ವಿಷ್ಣುವಿನ ವರಾಹಾವತಾರವೇ ಅಂತ ಕೇಳಿದ್ದೀರಿ. ಅಲ್ಲ ಅಂತಲೇ ನನ್ನ ಉತ್ತರ. ಈಚೆಗೆ ಎರಡನ್ನೂ ಒಂದೇ ಮಾಡುವವರು ಹೆಚ್ಚಾಗಿದ್ದಾರೆ, ನನಗದು ಬೇಸರದ ಸಂಗತಿ.

ತುಳುವಿನಲ್ಲಿ ಪಂಜಿ ಅಂದರೆ ಹಂದಿ, ಕುರ್ಲೆ ಅಂದರೆ ಮರಿ. ದೈವದ ಕತೆ ಹೇಳುವ ತುಳು ಹಾಡಾದ ಪಾಡ್ದನವೊಂದರ ಪ್ರಕಾರ ಪಾರ್ವತಿ ಮುದ್ದಿನಿಂದ ಸಾಕಿದ ಮರಿ ತೋಟ ಹಾಳುಮಾಡುತ್ತದೆ, ಈಶ್ವರ ಸಿಟ್ಟಾಗಿ ಭೂಮಿಗೆ ಕಳಿಸುತ್ತಾನೆ. ಬೆಳೆ ತಿನ್ನುವ ಪ್ರಾಣಿಯೇ ಬೆಳೆ ಕಾಯುವ ದೈವವಾಯಿತು. ಗದ್ದೆಗೆ ನುಗ್ಗುವ ಹಂದಿಯ ಭಯ ಗೊತ್ತಿದ್ದ ಬೇಸಾಯಗಾರರ ಕಲ್ಪನೆ ಇದು.

ನಮ್ಮ ಕಾಸರಗೋಡು ಕಡೆ ಕೋಲ, ಅಂದರೆ ದೈವದ ವೇಷ ಕಟ್ಟಿ ಕುಣಿಯುವ ಆರಾಧನೆ, ನಡೆಯುವಾಗ ಹತ್ತಿರ ನಿಂತು ನೋಡಿ. ಲೋಹದ ಮೊಗದಲ್ಲಿ ಮೂತಿ, ಕೋರೆಹಲ್ಲು, ನಿಮಿರಿದ ಕಿವಿ ಎಲ್ಲ ಹಂದಿಯದೇ. ಕೆಳಗೆ ತೆಂಗಿನ ತಿರಿಯ (ಎಳೆ ಗರಿಯ) ಉಡುಗೆ, ಕಾಲಲ್ಲಿ ಗಗ್ಗರ ಅನ್ನುವ ಸದ್ದು ಮಾಡುವ ಕಡಗ. ಆದರೆ ದೈವ ನುಡಿ ಕೊಡುವುದು, ಅಂದರೆ ಅಪ್ಪಣೆ ಹೇಳುವುದು, ಮನುಷ್ಯರ ಮಾತಿನಲ್ಲಿ, ಮನೆಯ ಜಗಳ, ಗಡಿ ತಕರಾರು ಕೇಳಿ. ಚಿಕ್ಕಂದಿನಲ್ಲಿ ಅಜ್ಜಿಯ ಸೆರಗು ಹಿಡಿದು ನೋಡಿದ್ದು, ಗಗ್ಗರದ ಸದ್ದು ಈಗಲೂ ಮೈ ಜುಮ್ಮೆನಿಸುತ್ತದೆ.

ಪ್ರಾಣಿಯ ರೂಪವೇ ಇದ್ದರೂ ಯಕ್ಷಗಾನದ ಮಹಿಷಾಸುರ ಬೇರೆ ಬಗೆ. ಅಲ್ಲಿ ಕೋಣದ ಕೊಂಬು ಮದದ ಗುರುತು, ಕೊನೆಗೆ ದೇವಿಯ ಕೈಯಲ್ಲಿ ಸಾವು. ಕೋಲದಲ್ಲಿ ಪಂಜುರ್ಲಿಯನ್ನು ಯಾರೂ ಕೊಲ್ಲುವುದಿಲ್ಲ, ಕೈಮುಗಿದು ಮನೆಯೊಳಗೇ ಇಟ್ಟುಕೊಳ್ಳುತ್ತಾರೆ.